ಗೋಡೆಯಿಲ್ಲದ ಹೆಡ್‌ಫೋನ್: ಸೆನ್‌ಹೈಸರ್ ಎಚ್‌ಡಿ 560ಎಸ್ ಜೊತೆ ಮೂರು ವರ್ಷ

ಇದನ್ನು ಹಾಕಿಕೊಂಡ ಮೊದಲ ರಾತ್ರಿ ಗೇಮ್ ಮಧ್ಯೆ ಎರಡು ಸಲ ಹಿಂದಕ್ಕೆ ತಿರುಗಿ ನೋಡಿದ್ದೆ. ಯಾರೋ ಕೋಣೆಯೊಳಗೆ ಬಂದ ಹಾಗಾಯಿತು. ಮೊದಲ ಸಲ ಯಾರೂ ಇರಲಿಲ್ಲ, ಅದು ಗೇಮ್‌ನೊಳಗಿನ ಹೆಜ್ಜೆ. ಎರಡನೇ ಸಲ ನಿಜವಾಗಿಯೂ ಅಕ್ಕ ನಿಂತಿದ್ದಳು. "ಏನೋ ಅದು ಟಪ ಟಪ ಅಂತ? ಬಾಗಿಲ ಹತ್ರ ಬಂದ್ರೇ ಕೇಳ್ತಿದೆ" ಅಂದಳು. ಓಪನ್ ಬ್ಯಾಕ್ ಹೆಡ್‌ಫೋನ್ ಅಂದರೆ ಏನು ಅಂತ ಕೇಳಿದವರಿಗೆಲ್ಲ ನಾನು ಈ ಕಥೆಯನ್ನೇ ಹೇಳುತ್ತೇನೆ. ಒಳಗಿನದು ಹೊರಗೆ ಹೋಗುತ್ತೆ, ಹೊರಗಿನದು ಒಳಗೆ ಬರುತ್ತೆ.

ಇದಕ್ಕೂ ಮುಂಚೆ ನನ್ನ ಹತ್ತಿರ ಇದ್ದದ್ದು ಒಂದು ಗೇಮಿಂಗ್ ಹೆಡ್‌ಸೆಟ್. ಹೆಸರು ಬೇಡ ಬಿಡಿ. ವರ್ಷ ತುಂಬುವುದರೊಳಗೆ ಅದರ ಕಿವಿ ಮೆತ್ತೆಯ ರೆಕ್ಸಿನ್ ಸುಲಿದು ಕುತ್ತಿಗೆ ತುಂಬ ಕಪ್ಪು ಪುಡಿ. ಅದಾದ ಮೇಲೆ ಕೂತು ಯೋಚಿಸಿದೆ. ಒಂದೇ ದುಡ್ಡಿನಲ್ಲಿ ಹೆಡ್‌ಫೋನ್, ಮೈಕ್, ಬಣ್ಣದ ದೀಪ, ಡಬ್ಬದ ಮೇಲೆ ಸುತ್ತಲಿಂದ ಸದ್ದು ಬರುತ್ತೆ ಅಂತ 7.1 ಅನ್ನೋ ಬರಹ ಎಲ್ಲವೂ ಬರಬೇಕು ಅಂದರೆ ಧ್ವನಿಗೆ ಅಂತ ಉಳಿಯುವುದೆಷ್ಟು? ಬಜೆಟ್ ಚಿಕ್ಕದಾದಷ್ಟೂ ಹೆಡ್‌ಫೋನ್ ಬೇರೆ, ಮೈಕ್ ಬೇರೆ ಕೊಳ್ಳುವುದೇ ಸರಿ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತೆ.

ಓಪನ್ ಬ್ಯಾಕ್ ಹೊಸ ಸಂಗತಿಯೇನಲ್ಲ. ಸೆನ್‌ಹೈಸರ್‌ನವರೇ 1968ರಲ್ಲಿ ಎಚ್‌ಡಿ 414 ಅಂತ ತಂದಿದ್ದರು, ಹಳದಿ ಸ್ಪಂಜಿನ ಮೆತ್ತೆ ಇದ್ದದ್ದು. ಕೆಲಸ ಮಾಡುವ ರೀತಿ ಸರಳ. ಡ್ರೈವರ್‌ನ, ಅಂದರೆ ಕಪ್ ಒಳಗಿನ ಪುಟ್ಟ ಸ್ಪೀಕರ್‌ನ, ಪೊರೆ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತೆ. ಮುಚ್ಚಿದ ಕಪ್ ಆದರೆ ಹಿಂದಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ. ಇಲ್ಲಿ ಹಿಂದೆ ಜಾಲರಿ ಇರುವುದರಿಂದ ಅದು ಹೊರಗೆ ಹೋಗಿಬಿಡುತ್ತೆ. ಹಾಗಾಗಿ ಸದ್ದು ತಲೆಯೊಳಗೆ ಕೂತ ಹಾಗೆ ಅನ್ನಿಸುವುದಿಲ್ಲ, ಕಿವಿಯ ಆಚೆ ಸ್ವಲ್ಪ ದೂರದಲ್ಲಿ ನಿಂತ ಹಾಗಿರುತ್ತೆ. ನನ್ನ 560ಎಸ್‌ನಲ್ಲಿ ಡ್ರೈವರ್‌ಗಳನ್ನು ನೇರವಾಗಿ ಇಡದೆ ಸ್ವಲ್ಪ ಓರೆಯಾಗಿ ಕೂರಿಸಿದ್ದಾರೆ, ಎದುರಿಗೆ ಸ್ಪೀಕರ್ ಇಟ್ಟು ಕೇಳಿದ ಹಾಗಿರಲಿ ಅಂತ.

ಗೇಮ್ ವಿಷಯಕ್ಕೆ ಬರೋಣ. ಓಪನ್ ಬ್ಯಾಕ್ ಹಾಕಿದ ಕೂಡಲೇ ಎದುರಾಳಿ ಎಲ್ಲಿದ್ದಾನೆ ಅಂತ ಗೊತ್ತಾಗಿಬಿಡುತ್ತೆ ಅನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲ್ಲ. ಎಡ ಬಲ ಎಂಥ ಹೆಡ್‌ಫೋನ್‌ನಲ್ಲೂ ಗೊತ್ತಾಗುತ್ತೆ. ಮುಂದೆಯೋ ಹಿಂದೆಯೋ, ಮೇಲೋ ಕೆಳಗೋ ಅನ್ನುವುದನ್ನು ಹೇಳುವುದು ಮುಖ್ಯವಾಗಿ ಗೇಮ್‌ನೊಳಗಿನ ಎಚ್‌ಆರ್‌ಟಿಎಫ್ ಲೆಕ್ಕ. ನಮ್ಮ ತಲೆ ಮತ್ತು ಕಿವಿಯ ಆಕಾರದಿಂದ ಸದ್ದು ಹೇಗೆ ಬದಲಾಗುತ್ತದೋ ಅದನ್ನು ಸಾಫ್ಟ್‌ವೇರ್‌ನಲ್ಲಿ ಅನುಕರಿಸುವ ಕೆಲಸ ಅದು. ನಾನು ಆಡುವ ವ್ಯಾಲರಂಟ್ ಅನ್ನುವ ಶೂಟಿಂಗ್ ಗೇಮ್‌ನಲ್ಲಿ ಇದಕ್ಕೆ ಸೆಟ್ಟಿಂಗ್ ಇದೆ. ನಾನು ಮೊದಲ ಎರಡು ತಿಂಗಳು ಅದನ್ನೂ ಆನ್ ಮಾಡಿ, ಅದೇ ಥರದ ಕೆಲಸ ಮಾಡುವ ವಿಂಡೋಸ್‌ನದೇ ಸೋನಿಕ್ಕನ್ನೂ ಆನ್ ಇಟ್ಟಿದ್ದೆ. ಒಂದರ ಮೇಲೊಂದು ಎರಡು ಲೆಕ್ಕ ಸೇರಿ ಹೆಜ್ಜೆ ಸದ್ದೆಲ್ಲ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ನಾನೋ ಹೆಡ್‌ಫೋನ್‌ನ ಬೈಯುತ್ತಿದ್ದೆ. ವಿಂಡೋಸ್‌ನದು ಆಫ್ ಮಾಡಿದ ದಿನವೇ ಸರಿಹೋಯಿತು.

ಹಾಗಾದರೆ ಹೆಡ್‌ಫೋನ್ ಮಾಡುವ ಸಹಾಯ ಏನು? ಗದ್ದಲದಲ್ಲಿ ಚಿಕ್ಕ ಸದ್ದು ಮುಳುಗದ ಹಾಗೆ ನೋಡಿಕೊಳ್ಳುವುದು. ಪಕ್ಕದಲ್ಲಿ ಗ್ರೆನೇಡ್ ಸಿಡಿದಾಗ ನನ್ನ ಹಳೇ ಹೆಡ್‌ಸೆಟ್‌ನಲ್ಲಿ ಆ ಗುಂ ಅನ್ನುವುದೇ ಎಲ್ಲವನ್ನೂ ನುಂಗಿಬಿಡುತ್ತಿತ್ತು. ಇದರಲ್ಲಿ ಸ್ಫೋಟ ಸ್ಫೋಟದ ಜಾಗದಲ್ಲಿರುತ್ತೆ, ಅದರ ಹಿಂದೆ ಯಾರೋ ಗನ್ ಲೋಡ್ ಮಾಡುವ ಕಟಕ್ ಬೇರೆಯಾಗಿ ಕೇಳುತ್ತೆ. ಆದರೆ ಸ್ಫೋಟ ಎದೆಗೆ ಬಡಿಯಬೇಕು ಅನ್ನುವವರಿಗೆ ಇದು ಸಪ್ಪೆ. ಕಾರ್ ರೇಸ್ ಆಡುವಾಗ ನನಗೂ ಸಪ್ಪೆ ಅನ್ನಿಸಿದ್ದುಂಟು.

ಮಾತಾಡುವಾಗಿನ ಸುಖ ಮಾತ್ರ ನಾನು ಎಣಿಸಿರದದ್ದು. ಮುಚ್ಚಿದ ಹೆಡ್‌ಸೆಟ್‌ನಲ್ಲಿ ಕಿವಿ ಬಂದ್ ಆಗಿ, ನಮ್ಮ ದನಿ ನಮಗೇ ತಲೆಯೊಳಗೆ ಗುಂಯ್ ಅನ್ನುತ್ತೆ. ಗೊತ್ತಿಲ್ಲದೆ ಕೂಗಿ ಮಾತಾಡುತ್ತೇವೆ. ಇದರಲ್ಲಿ ನನ್ನ ದನಿ ನನಗೆ ಮಾಮೂಲಿಯಾಗಿ ಕೇಳುತ್ತೆ. ರಾತ್ರಿ ಹನ್ನೊಂದರ ಮೇಲೆ ಕಿರುಚುವುದು ನಿಂತಿದೆ ಅಂತ ಮನೆಯವರೇ ಹೇಳಿದರು. ಆದರೆ ಮೈಕ್ ಕಡೆಯಿಂದ ಇನ್ನೊಂದು ತಾಪತ್ರಯ ಬಂತು. ಹೆಡ್‌ಫೋನ್‌ನಿಂದ ಸೋರಿದ ಸದ್ದನ್ನು ಮೇಜಿನ ಮೇಲಿನ ಮೈಕ್ ಹಿಡಿದು ವಾಪಸ್ ಕಳಿಸುತ್ತಿತ್ತು. "ಲೋ, ನನ್ನ ಮಾತು ನನಗೇ ಎರಡನೇ ಸಲ ಕೇಳ್ತಿದೆ ಕಣೋ" ಅಂತ ಗೆಳೆಯ ದಿನಾ ಗೊಣಗುತ್ತಿದ್ದ. ಮೈಕನ್ನು ಬಾಯಿಂದ ಒಂದು ಗೇಣಿಗೆ ತಂದು, ಅದು ಸದ್ದು ಹಿಡಿಯುವ ಮಟ್ಟ, ಅಂದರೆ ಗೇನ್, ಇಳಿಸಿ, ಗುಂಡಿ ಒತ್ತಿದಾಗ ಮಾತ್ರ ಮಾತು ಹೋಗುವ ಪುಶ್ ಟು ಟಾಕ್ ಇಟ್ಟುಕೊಂಡೆ. ಗೊಣಗಾಟ ನಿಂತಿತು.

ಸಂಗೀತಕ್ಕೆ ಇದು ಇನ್ನೂ ಚೆನ್ನ. ಕಛೇರಿಯ ಹಳೇ ರೆಕಾರ್ಡಿಂಗ್ ಒಂದನ್ನು ಎಷ್ಟೋ ವರ್ಷದಿಂದ ಕೇಳುತ್ತಿದ್ದೆ. ತಂಬೂರಿ ಅಂದರೆ ಹಿಂದೆಲ್ಲೋ ಜುಂಯ್ ಅನ್ನುವ ಒಂದು ಪರದೆ, ಅಷ್ಟೇ ಅಂದುಕೊಂಡಿದ್ದೆ. ಇದರಲ್ಲಿ ಒಂದೊಂದು ತಂತಿ ಮೀಟಿದ್ದೂ, ಮೀಟಿದ ಮೇಲೆ ಅದು ನಿಧಾನಕ್ಕೆ ಬಿಚ್ಚಿಕೊಳ್ಳುವುದೂ ಬೇರೆ ಬೇರೆಯಾಗಿ ಕೇಳಿತು. ಪಿಟೀಲು ಎಡಕ್ಕೆ, ಹಾಡುವವರು ನಡುವೆ, ಯಾರೋ ಒಬ್ಬರು ಎರಡು ಸಲ ಕೆಮ್ಮಿದ್ದೂ ಸಿಕ್ಕಿತು. ಮೃದಂಗದ ಬಲಗಡೆಯ ಚಾಪು ಚುರುಕು. ಎಡಗಡೆಯ ಗುಂಕಿಯ ಭಾರ ಮಾತ್ರ ಸ್ವಲ್ಪ ಕಡಿಮೆ. ಓಪನ್ ಬ್ಯಾಕ್‌ನ ಸ್ವಭಾವವೇ ಅದು. ಹಿಂದೆ ಗೋಡೆ ಇಲ್ಲದಿದ್ದರೆ ತೀರ ಕೆಳಗಿನ ಬೇಸ್ ನಿಲ್ಲುವುದು ಕಷ್ಟ.

ಇದಕ್ಕೆ ನಾನು ಹೊಸ ಹೆಡ್‌ಫೋನ್ ಹುಡುಕಲಿಲ್ಲ. ಈಕ್ವಲೈಜರ್ ಎಪಿಒ ಅಂತ, ಬೇಸ್ ಟ್ರೆಬಲ್ ಏರಿಸಿ ಇಳಿಸೋಕೆ, ವಿಂಡೋಸ್‌ಗೆ ಒಂದು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ಅದರಲ್ಲಿ 80 ಹರ್ಟ್ಜ್‌ನಿಂದ ಕೆಳಗೆ 4 ಡೆಸಿಬೆಲ್ ಏರಿಸಿದ್ದೇನೆ. ಅಷ್ಟೇ ಪ್ರಮಾಣದಲ್ಲಿ ಪ್ರೀಆಂಪನ್ನು, ಅಂದರೆ ಒಟ್ಟು ಸದ್ದಿನ ಮಟ್ಟವನ್ನು, 4 ಡೆಸಿಬೆಲ್ ಇಳಿಸಿದ್ದೇನೆ. ಇಳಿಸದಿದ್ದರೆ ಜೋರು ಜಾಗದಲ್ಲಿ ಸದ್ದು ಒಡೆಯುತ್ತೆ. ಹೆಚ್ಚಿನವರು ಮರೆಯುವುದು ಇದನ್ನೇ, ಆಮೇಲೆ ಈಕ್ವಲೈಜರ್ ಹಾಕಿದರೆ ಸದ್ದು ಕೆಡುತ್ತೆ ಅಂತಾರೆ. ಇನ್ನೂ ಜಾಸ್ತಿ ಏರಿಸೋಕೆ ಹೋಗಬೇಡಿ. ನಾನು 9ರವರೆಗೂ ಹೋಗಿ ನೋಡಿದ್ದೇನೆ, ಬರೀ ಕೆಸರು.

ಸದ್ದಿಗೆ ಬಲ ಕೊಡುವ ಆಂಪ್ ಬೇರೆ ಬೇಕಾ? ಡಬ್ಬದ ಮೇಲೆ ವಿದ್ಯುತ್ತಿಗೆ ಒಡ್ಡುವ ತಡೆ 120 ಓಮ್ ಅಂತ ನೋಡಿ ನಾನೂ ಹೆದರಿದ್ದೆ. ಆದರೆ ಓಮ್ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಸೆನ್ಸಿಟಿವಿಟಿ, ಅಂದರೆ ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು, ಅಂತ ಇನ್ನೊಂದು ಅಂಕಿ ಇರುತ್ತೆ. ಇದರದು ಒಂದು ವೋಲ್ಟ್‌ಗೆ 110 ಡೆಸಿಬೆಲ್. ದೊಡ್ಡವರಿಗೆ ವಾರಕ್ಕೆ 40 ಗಂಟೆ ಕೇಳಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್. ಅಷ್ಟಕ್ಕೆ ಒಂದು ವೋಲ್ಟ್‌ನ ಮೂವತ್ತರಲ್ಲಿ ಒಂದು ಪಾಲು ಸಾಕು. ಮಧ್ಯೆ ಬರುವ ಜೋರು ಏಟುಗಳಿಗೆ ಇನ್ನಷ್ಟು ಬೇಕು, ಆದರೂ ಲ್ಯಾಪ್‌ಟಾಪ್ ನಿಭಾಯಿಸುತ್ತೆ. ಅದೇ ಹೈಫೈಮ್ಯಾನ್ ಕಂಪನಿಯ ಎಚ್‌ಇ400ಎಸ್‌ಇ ಹೆಡ್‌ಫೋನ್ ನೋಡಿ. ಬರೀ 25 ಓಮ್, ಆದರೆ ಸೆನ್ಸಿಟಿವಿಟಿ ಕಡಿಮೆ ಆದ್ದರಿಂದ ಅದೇ ಜೋರಿಗೆ ಇದಕ್ಕಿಂತ ಹಲವು ಪಟ್ಟು ಪವರ್ ಕೇಳುತ್ತೆ. ನನ್ನ ಕಂಪ್ಯೂಟರ್‌ನ ಮುಂದಿನ ಜ್ಯಾಕ್‌ನಲ್ಲಿ ಮೌಸ್ ಆಡಿಸಿದಾಗಲೆಲ್ಲ ಸುಯ್ ಅನ್ನುತ್ತಿತ್ತು. ಅದಕ್ಕೆ ಹೆಡ್‌ಫೋನ್ ಸಿಕ್ಕಿಸುವ ಒಂದು ಚಿಕ್ಕ ಯುಎಸ್‌ಬಿ ಡಾಂಗಲ್ ತಂದೆ. ಅಷ್ಟೇ ನನ್ನ ಆಂಪ್ ಖರ್ಚು.

ಮೂರು ವರ್ಷದಲ್ಲಿ ಆದ ಅವಾಂತರಗಳಲ್ಲಿ ಎರಡನ್ನು ಹೇಳಲೇಬೇಕು. ಜೊತೆಗೆ ಬರುವ ವೈರ್ 3 ಮೀಟರ್ ಉದ್ದ, ತುದಿಯಲ್ಲಿ 6.3 ಮಿಲಿಮೀಟರ್‌ನ ದಪ್ಪ ಪಿನ್. ಚಿಕ್ಕದಕ್ಕೆ ಅಡಾಪ್ಟರ್ ಕೊಟ್ಟಿರುತ್ತಾರೆ. ಉದ್ದ ಜಾಸ್ತಿಯಾಗಿ ಕುರ್ಚಿಯ ಗಾಲಿಗೆ ಸಿಗುತ್ತಿತ್ತು ಅಂತ ಬೇರೆ ಕಡೆಯಿಂದ ಗಿಡ್ಡ ವೈರ್ ತರಿಸಿದೆ. ಹೆಡ್‌ಫೋನ್ ಕಡೆಯ ಪಿನ್ 2.5 ಮಿಲಿಮೀಟರ್‌ನದು, ತಿರುಗಿಸಿ ಲಾಕ್ ಮಾಡುವಂಥದ್ದು. ತರಿಸಿದ್ದರಲ್ಲಿ ಆ ಲಾಕ್ ಕೂರಲೇ ಇಲ್ಲ. ನಾಲ್ಕು ತಿಂಗಳಿಗೆ ಒಂದು ಕಿವಿ ಕರಕರ ಅನ್ನತೊಡಗಿತು, ವೈರ್ ಕಸಕ್ಕೆ ಹೋಯಿತು. ಈಗ ಮೂಲ ವೈರನ್ನೇ ಸುತ್ತಿ ಮೇಜಿನ ಕೆಳಗೆ ಕಟ್ಟಿದ್ದೇನೆ.

ಇನ್ನೊಂದು ಸಲ ಬಲಗಿವಿಯಲ್ಲಿ ಕೆಲವೇ ಸ್ವರಗಳಿಗೆ ಝುರ್ ಅನ್ನುವ ಸದ್ದು. ಡ್ರೈವರ್ ಹೋಯಿತು ಅಂತ ಒಂದು ವಾರ ಸುಮ್ನೆ ಕೊರಗಿದೆ. ಕೊನೆಗೆ ಮೆತ್ತೆ ಕಿತ್ತು ಟಾರ್ಚ್ ಹಿಡಿದು ನೋಡಿದರೆ ಡ್ರೈವರ್ ಮೇಲೆ ನನ್ನದೇ ಒಂದು ಕೂದಲು! ಚಿಮಟದಲ್ಲಿ ತೆಗೆದೆ, ಸದ್ದು ಹೋಯಿತು. ಜಾಲರಿಯ ಹೆಡ್‌ಫೋನ್ ಅಂದಮೇಲೆ ದೂಳು, ಕೂದಲು ಇದ್ದದ್ದೇ. ರಾತ್ರಿ ಒಂದು ಬಟ್ಟೆ ಮುಚ್ಚಿ ಇಡುತ್ತೇನೆ.

ತೂಕ 240 ಗ್ರಾಂ. ಮೆತ್ತೆ ಮಖಮಲ್ಲಿನ ಹಾಗಿದೆ, ನಾಲ್ಕು ತಾಸು ಆಡಿದರೂ ಕಿವಿ ಬೆವರುವುದಿಲ್ಲ. ನನಗೆ ಇದೊಂದಕ್ಕೇ ಕೊಟ್ಟ ದುಡ್ಡು ಬಂತು ಅನ್ನಿಸುತ್ತೆ. ಬಳಸಿ ಬಳಸಿ ಮೆತ್ತೆ ಚಪ್ಪಟೆಯಾಗಿದೆ. ಚಪ್ಪಟೆಯಾದಂತೆ ಡ್ರೈವರ್ ಕಿವಿಗೆ ಹತ್ತಿರ ಬಂದು ಸದ್ದಿನ ರೂಪವೂ ಸ್ವಲ್ಪ ಬದಲಾಗುತ್ತೆ, ಹಾಗಾಗಿ ಈ ವರ್ಷ ಬದಲಿಸಿದೆ. ಕೈಯಲ್ಲೇ ಕಿತ್ತು ಕೈಯಲ್ಲೇ ಕೂರಿಸಬಹುದು.

ಇದಕ್ಕಿಂತ ಕಡಿಮೆ ಬಜೆಟ್ ಇದ್ದರೆ ಫಿಲಿಪ್ಸ್ ಎಸ್‌ಎಚ್‌ಪಿ9500 ನೋಡಿ. 32 ಓಮ್, ಕಪ್‌ನಲ್ಲಿ ಮಾಮೂಲಿ 3.5 ಮಿಲಿಮೀಟರ್ ಜ್ಯಾಕ್. ಮೈಕ್ ಇರುವ ವೈರ್ ಹಾಕಿಕೊಳ್ಳಬೇಕು ಅನ್ನುವವರಿಗೆ ಅದೇ ಸುಲಭ. ಬೇಸ್ ಇದಕ್ಕಿಂತಲೂ ತೆಳು. ಆಡಿಯೋ ಟೆಕ್ನಿಕಾ ಎಡಿ700ಎಕ್ಸ್ ಹೆಜ್ಜೆ ಸದ್ದಿಗೆ ಹೆಸರುವಾಸಿ, ಸಂಗೀತಕ್ಕೆ ನಾನು ಆರಿಸಲ್ಲ.

ಆದರೆ ಮಾಡೆಲ್ ನೋಡುವ ಮುಂಚೆ ಒಂದು ಕೆಲಸ ಮಾಡಿ. ನೀವು ಆಡುವ ಹೊತ್ತಿನಲ್ಲಿ, ಆಡುವ ಜಾಗದಲ್ಲೇ, ಐದು ನಿಮಿಷ ಸುಮ್ನೆ ಕೂತು ಏನೇನು ಕೇಳುತ್ತೆ ಲೆಕ್ಕ ಹಾಕಿ. ಫ್ಯಾನ್, ಟಿವಿ, ಪಕ್ಕದಲ್ಲಿ ಫೋನಲ್ಲಿ ಮಾತಾಡುವವರು. ಅದೆಲ್ಲ ಈ ಹೆಡ್‌ಫೋನ್‌ನೊಳಗೂ ಇರುತ್ತೆ. ಅದೇ ಕೋಣೆಯಲ್ಲಿ ಯಾರಾದರೂ ಮಲಗುತ್ತಾರೆ ಅಂದರೆ ಈ ಜಾತಿಯೇ ಬೇಡ, ಮುಚ್ಚಿದ್ದನ್ನೇ ತಗೊಳ್ಳಿ. ನಾನು ಎರಡೂ ಇಟ್ಟುಕೊಂಡಿದ್ದೇನೆ. ಅಕ್ಕನಿಗೆ ಬೆಳಗ್ಗೆ ಬೇಗ ಏಳಬೇಕಾದ ದಿನ ಡ್ರಾಯರ್‌ನಿಂದ ಆ ಸುಲಿದ ಹೆಡ್‌ಸೆಟ್ಟೇ ಹೊರಗೆ ಬರುತ್ತೆ, ಕಪ್ಪು ಪುಡಿ ಸಮೇತ.