ಮಾಟುಂಗಾದ ನೀತಿಶಾಸ್ತ್ರ ಕಮ್ಮಟ: ಗರ್ಭಪಾತ ವಿವಾದ ಮತ್ತು ಬಂದೂಕು

ಮುಂಬೈನ ಮಾಟುಂಗಾದಲ್ಲಿ ಶನಿವಾರದ ಸಂಜೆಗಳಲ್ಲಿ ಕನ್ನಡದಲ್ಲೇ ನಡೆಯುವ, ಶುಲ್ಕ ಕೊಟ್ಟು ಸೇರಬೇಕಾದ ನೀತಿಶಾಸ್ತ್ರ ಕಮ್ಮಟವು ಈ ಸಲ ಅಮೆರಿಕದ ಗರ್ಭಪಾತ ವಿವಾದದಲ್ಲಿ ನಡೆದ ರಾಜಕೀಯ ಹಿಂಸೆಯನ್ನು ಚರ್ಚೆಗೆ ಎತ್ತಿಕೊಂಡಿತ್ತು. ಗರ್ಭಪಾತ ಸರಿಯೋ ತಪ್ಪೋ ಎಂಬ ವಾದ ಎಲ್ಲಿ ಬೇಕಾದರೂ ಕೇಳಸಿಗುತ್ತದೆ. ಆದರೆ ಅದು ಕೊಲೆಯೆಂದೇ ಮನಸಾರೆ ನಂಬಿದವನೊಬ್ಬ ವೈದ್ಯರನ್ನು ಕೊಂದಾಗ ಅವನಿಗೆ ಯಾವ ಉತ್ತರ ಕೊಡಬೇಕು ಎಂಬ ಪ್ರಶ್ನೆಯನ್ನು ಹಿಡಿದು, ಕೊನೆಯವರೆಗೂ ಸಡಿಲ ಬಿಡದ ತರಗತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

1993ರ ಮಾರ್ಚ್‌ನಲ್ಲಿ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಗರ್ಭಪಾತ ಮಾಡುತ್ತಿದ್ದ ವೈದ್ಯ ಡಾ. ಡೇವಿಡ್ ಗನ್ ಅವರ ಹತ್ಯೆಯಾದ ಮೇಲೆ ಪಾಲ್ ಹಿಲ್ ಎಂಬ ಮಾಜಿ ಪಾದ್ರಿ ಒಂದು ಹೇಳಿಕೆ ಹೊರಡಿಸಿದ್ದ. ಹುಟ್ಟಿದ ಮಗುವನ್ನು ಕಾಪಾಡಲು ಎಷ್ಟು ಬಲ ನ್ಯಾಯವೋ ಹುಟ್ಟದ ಮಗುವನ್ನು ಕಾಪಾಡಲೂ ಅಷ್ಟೇ ಬಲ ನ್ಯಾಯ ಎಂಬುದು ಅದರ ಸಾರ. ಮರುವರ್ಷದ ಜುಲೈ 29ರಂದು ಅದೇ ಊರಿನಲ್ಲಿ ಅವನು ಡಾ. ಜಾನ್ ಬ್ರಿಟನ್ ಅವರನ್ನೂ, ಅವರ ರಕ್ಷಣೆಗೆಂದು ಜೊತೆಗೆ ಬರುತ್ತಿದ್ದ ಸ್ವಯಂಸೇವಕ ಜೇಮ್ಸ್ ಬ್ಯಾರೆಟ್ ಅವರನ್ನೂ ಕೊಂದ. ಬ್ಯಾರೆಟ್ ಅವರ ಪತ್ನಿ ಗಾಯಗೊಂಡರು.

ಬೋಧಕರು ಆ ವಾದವನ್ನು ಕನ್ನಡಕ್ಕಿಳಿಸಿ ಎಲ್ಲರ ಕೈಗೂ ಕೊಟ್ಟು, ಒಪ್ಪಲಾಗದ ಸಾಲಿನ ಕೆಳಗೆ ಗೆರೆ ಎಳೆಯಲು ಹೇಳಿದರು. ಬಹುತೇಕರು ಭ್ರೂಣವೂ ಪೂರ್ಣ ಮನುಷ್ಯನೇ ಎಂಬಲ್ಲಿ ಗೆರೆ ಎಳೆದಿದ್ದರು. ಅದನ್ನು ವಾದಕ್ಕಾಗಿ ಒಪ್ಪಿಬಿಡಿ, ಆಮೇಲೂ ಅವನು ಮಾಡಿದ್ದು ತಪ್ಪು ಎನ್ನಲು ನಿಮ್ಮ ಬಳಿ ಏನು ಉಳಿಯುತ್ತದೆ ಎಂದು ಅವರು ಕೇಳಿದಾಗ ಸಭೆ ಸ್ವಲ್ಪ ಹೊತ್ತು ತಡವರಿಸಿತು. ಠಾಣೆಯ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ದಾದಿಯೊಬ್ಬರು ಎದ್ದು, ‘ಹಾಗಾದ್ರೆ ಜೊತೆಗೆ ಬಂದವರನ್ನ ಯಾಕೆ ಕೊಂದ? ಅವರು ಯಾವ ಮಗುವಿಗೆ ಕೈ ಹಚ್ಚಿದ್ರು?’ ಎಂದರು. ಆ ಮಾತಿನಿಂದ ಚರ್ಚೆಗೆ ನಿಜವಾದ ಜೀವ ಬಂತು. ರಕ್ಷಣೆಗಾಗಿ ಬಳಸುವ ಬಲಕ್ಕೆ ಇರುವ ಮಿತಿ, ಬೇರೆ ದಾರಿ ಉಳಿದಿಲ್ಲ ಎನ್ನುವುದನ್ನು ನಿರ್ಧರಿಸುವವರು ಯಾರು, ಸಾಕ್ಷಿಯೂ ನ್ಯಾಯಾಧೀಶನೂ ಒಬ್ಬನೇ ಆದಾಗ ತಪ್ಪನ್ನು ತಿದ್ದುವವರು ಯಾರು ಎಂಬ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹೊರಟವು.

ಬೋಧಕರು ಪಕ್ಷಪಾತವಿಲ್ಲದೆ ನಡೆದುಕೊಂಡರು. 2009ರಲ್ಲಿ ಕ್ಯಾನ್ಸಾಸ್‌ನ ವಿಚಿಟಾದ ಚರ್ಚಿನೊಳಗೆ ಹತರಾದ ಡಾ. ಜಾರ್ಜ್ ಟಿಲರ್ ಅವರ ಬಗ್ಗೆ ಹೇಳಿದ ಹಿಂದೆಯೇ, ಅದೇ ವರ್ಷ ಮಿಷಿಗನ್‌ನಲ್ಲಿ ಗರ್ಭಪಾತ ವಿರೋಧಿ ಫಲಕ ಹಿಡಿದು ಶಾಲೆಯೊಂದರ ಎದುರು ನಿಂತಿದ್ದಾಗ ಗುಂಡೇಟಿಗೆ ಬಲಿಯಾದ ಜೇಮ್ಸ್ ಪುಲಿಯನ್ ಅವರ ಬಗ್ಗೆಯೂ ಹೇಳಿದರು. ಹಾಗೆಂದು, ವೈದ್ಯರ ಮೇಲೆ ವರ್ಷಗಟ್ಟಲೆ ನಡೆದ ದಾಳಿಗಳ ಭಾರವನ್ನು ಅವರು ಕಡಿಮೆ ಮಾಡಿ ತೋರಿಸಲಿಲ್ಲ.

ಒಂದು ಮುಖ್ಯ ಮಾತು ಮಾತ್ರ ತರಗತಿಯಲ್ಲಿ ಬರಲೇ ಇಲ್ಲ. ಗರ್ಭಪಾತವನ್ನು ಸಂವಿಧಾನದ ಹಕ್ಕೆಂದು ಒಪ್ಪಿದ್ದ 1973ರ ರೋ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ರದ್ದುಪಡಿಸಿತು. ಈ ರದ್ದತಿಯಿಂದ ಅಲ್ಲಿನ ಹೆಣ್ಣುಮಕ್ಕಳ ಮೇಲೆ ಬಿದ್ದಿರುವ ಕಷ್ಟ ನನ್ನನ್ನು ಬಹಳ ನೋಯಿಸುತ್ತದೆ. ಆದರೂ ಗರ್ಭಪಾತ ವಿರೋಧಿಗಳಿಗೆ ಅದು ಸಿಕ್ಕಿದ್ದು ಮತದಾನ, ನೇಮಕಾತಿ, ದಾವೆಗಳ ದಾರಿಯಿಂದ. ಹಾಗಿರುವಾಗ ಬೇರೆ ದಾರಿಯೇ ಇರಲಿಲ್ಲವೆಂಬ ವಾದವನ್ನು ಹಿಲ್‌ನ ಪರವಾಗಿ ಯಾರೂ ಹೂಡುವಂತಿಲ್ಲ.

ಭಾರತದ ಭಾಗವನ್ನು ಕೊನೆಯ ಸಂಜೆಯ ಕೊನೆಯ ಹತ್ತು ನಿಮಿಷಕ್ಕೆ ತುರುಕಿದ್ದು ದೊಡ್ಡ ಕೊರತೆ. ಮಹಾರಾಷ್ಟ್ರದ ಶಾಂತಿಲಾಲ್ ಶಾ ಅವರ ಸಮಿತಿಯ ವರದಿಯ ಬೆನ್ನಿಗೆ ಗರ್ಭಪಾತಕ್ಕೆ ಅವಕಾಶ ಕೊಟ್ಟ 1971ರ ಕಾಯ್ದೆ ಬಂದದ್ದು, ಭ್ರೂಣದ ಹೃದಯದೋಷ ತಡವಾಗಿ ತಿಳಿದ ಮುಂಬೈ ದಂಪತಿಗೆ 2008ರಲ್ಲಿ ಬಾಂಬೆ ಹೈಕೋರ್ಟ್ ಗರ್ಭಪಾತಕ್ಕೆ ಅನುಮತಿ ನಿರಾಕರಿಸಿದ್ದು, ಕೆಲವು ವರ್ಗದ ಮಹಿಳೆಯರಿಗೆ ಗರ್ಭಪಾತದ ಅವಧಿಯ ಮಿತಿಯನ್ನು 24 ವಾರಕ್ಕೆ ಏರಿಸಿದ 2021ರ ತಿದ್ದುಪಡಿ, ಇವು ಈ ನಗರಕ್ಕೆ ಹತ್ತಿರದ ಸಂಗತಿಗಳು. ಕಾನೂನಿನ ದಾರಿ ನಿಧಾನವಾದರೂ ತೆರೆದಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

ಶುಲ್ಕಕ್ಕೆ ಮೋಸವಿಲ್ಲ, ಟಿಪ್ಪಣಿಗಳು ಅಚ್ಚುಕಟ್ಟಾಗಿವೆ, ಹಿಂದಿನ ಸಾಲಿಗೆ ಮಾತ್ರ ಧ್ವನಿ ಸರಿಯಾಗಿ ಕೇಳಿಸುವುದಿಲ್ಲ. ಸಂಘಟಕರಿಗೆ ಒಂದು ವಿನಂತಿ: ದಾಳಿಯ ಚಿತ್ರಗಳನ್ನು ತೋರಿಸಲಾಗುತ್ತದೆ ಎಂದು ಹೆಸರು ನೋಂದಾಯಿಸುವಾಗಲೇ ತಿಳಿಸಿ. ಸ್ವತಃ ಗರ್ಭಪಾತದ ನೋವುಂಡವರೂ ಆ ಕುರ್ಚಿಗಳಲ್ಲಿ ಕುಳಿತಿರುತ್ತಾರೆ.