ಪದರ ರಚನೆಯ ವೇಗವರ್ಧಕಗಳು: ನಿಮ್ಮ ಪ್ರಾಜೆಕ್ಟಿಗೆ ಯಾವುದು?

ಎಂ.ಎಸ್ಸಿ. ಪ್ರಾಜೆಕ್ಟಿಗೆ ವೇಗವರ್ಧಕ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಹುಡುಕುತ್ತಿರುವವರು ಮೊದಲು ತೀರ್ಮಾನಿಸಬೇಕಾದದ್ದು ಇದು: ಕೆಲಸ ಆಮ್ಲದಲ್ಲೋ, ಕ್ಷಾರದಲ್ಲೋ, ಬೆಳಕಿನಲ್ಲೋ?

ವಿದ್ಯುತ್ತಿನಿಂದ ನೀರನ್ನು ಒಡೆಯುವಾಗ ಆಮ್ಲದಲ್ಲಿ ಜಲಜನಕ ಬಿಡಿಸಲು ಮಾಲಿಬ್ಡಿನಮ್ ಡೈಸಲ್ಫೈಡ್ ಇದೆ. ಪ್ಲಾಟಿನಮ್ಮಿನಷ್ಟು ಚುರುಕಲ್ಲ, ಆದರೆ ಬಹಳ ಅಗ್ಗ. ಪದರದ ಅಗಲವಾದ ಮೈ ಹೆಚ್ಚುಕಡಿಮೆ ನಿಷ್ಕ್ರಿಯ, ಕ್ರಿಯೆ ನಡೆಯುವುದು ಅಂಚಿನಲ್ಲಿ ಎಂಬುದು 2007ರಲ್ಲೇ ಪ್ರಯೋಗದಿಂದ ಖಚಿತವಾಗಿದೆ. ಹಾಗಾಗಿ ದೊಡ್ಡ ಹಾಳೆಗಿಂತ ಚೂರುಗಳೇ ಲಾಭ.

ಹಾಗೆಯೇ ನೀರು ಒಡೆದು ಕ್ಷಾರದಲ್ಲಿ ಆಮ್ಲಜನಕ ಬಿಡಿಸುವುದಾದರೆ ನಿಕಲ್–ಕಬ್ಬಿಣದ ಪದರ ಹೈಡ್ರಾಕ್ಸೈಡನ್ನೇ ಆರಿಸಿ. ಇದರಲ್ಲಿ ನನಗೆ ಅನುಮಾನವಿಲ್ಲ. ಎರಡು ಲವಣಗಳ ದ್ರಾವಣಕ್ಕೆ ಕ್ಷಾರ ಹನಿಸಿದರೆ ಸಾಕು, ಗಸಿಯಾಗಿ ಇಳಿಯುತ್ತದೆ. ಎಚ್ಚರ ಬೇಕಾಗಿರುವುದು ಹೋಲಿಕೆಯಲ್ಲಿ: ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನಲ್ಲಿ ಕಬ್ಬಿಣ ಲವಲೇಶ ಬೆರೆತಿದ್ದರೂ ಬರೀ ನಿಕಲ್ ಹೈಡ್ರಾಕ್ಸೈಡ್ ತನ್ನ ಯೋಗ್ಯತೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ದ್ರಾವಣವನ್ನು ಶುದ್ಧೀಕರಿಸದೆ ಅಳೆಯಬೇಡಿ. ಇದೇ ಕುಟುಂಬದ ಮೆಗ್ನೀಸಿಯಮ್–ಅಲ್ಯೂಮಿನಿಯಮ್ ಹೈಡ್ರಾಕ್ಸೈಡನ್ನು ಕಾಯಿಸಿ ಬಳಸಿದರೆ ಅದು ನೀರಿನ ಫ್ಲೋರೈಡನ್ನು ಹಿಡಿದಿಡುತ್ತದೆ. ಕೋಲಾರದ ಕೊಳವೆಬಾವಿಗಳ ಪಾಡು ಬಲ್ಲವರಿಗೆ ಇದರ ಮಹತ್ವ ಗೊತ್ತು. ಅದು ವೇಗವರ್ಧನೆಯಲ್ಲ, ಹೀರಿಕೆ ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಕೊಳಚೆ ನೀರಿನ ಸಾವಯವ ಮಲಿನಗಳನ್ನು ಬೆಳಕಿನಿಂದ ಒಡೆಯಬೇಕೆ? ಗ್ರಾಫೈಟಿಕ್ ಕಾರ್ಬನ್ ನೈಟ್ರೈಡ್ ನೋಡಿ. ಮುಚ್ಚಿದ ಮೂಸೆಯಲ್ಲಿ ಮೆಲಮೈನನ್ನು ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹಳದಿ ಪುಡಿ ಸಿಗುತ್ತದೆ. ಅಮೋನಿಯಾ ಹೊರಡುವುದರಿಂದ ಗಾಳಿ ಹೊರಹೋಗುವ ವ್ಯವಸ್ಥೆ ಇರಲೇಬೇಕು. ಅದರ ಶಕ್ತಿಯ ಅಂತರ (ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಏರಿಸಲು ಬೆಳಕು ಕೊಡಬೇಕಾದ ಕನಿಷ್ಠ ಶಕ್ತಿ) ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಅಂದರೆ ಬಿಸಿಲಿನ ನೀಲಿಯವರೆಗಿನ ಪಾಲು ಮಾತ್ರ ದಕ್ಕುತ್ತದೆ. ಪರೀಕ್ಷೆಗೆ ಮೀಥಿಲೀನ್ ಬ್ಲೂ ಎಂಬ ಬಣ್ಣ ಒಂದನ್ನೇ ನೆಚ್ಚಬೇಡಿ, ಬಣ್ಣ ತಾನೇ ಬೆಳಕು ಹೀರುತ್ತದೆ. ಬಣ್ಣವಿಲ್ಲದ ಫೀನಾಲನ್ನೂ ಇಟ್ಟು ನೋಡಿ.