ಡ್ರ್ಯಾಗ್ ರೇಡಿಯಲ್ ಟೈರ್: ವರ್ಷ ಓಡಿಸಿದ ಮೇಲೆ ನನ್ನ ಅಭಿಪ್ರಾಯ

ಪವರ್ ಜಾಸ್ತಿ ಮಾಡಿಸಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಹಿಂದಿನ ಎರಡು ಟೈರ್ ಬದಲಿಸಿ. ನನ್ನದು ಹಿಂದಿನ ಚಕ್ರ ತಿರುಗಿಸುವ ವಿ8 ಕಾರು, ಮ್ಯಾನುವಲ್ ಗೇರ್. ಜೊತೆಗೆ ಬಂದಿದ್ದ ಸಮ್ಮರ್ ಟೈರ್ ತೆಗೆಸಿ, ಹಿಂದೆ ಮಾತ್ರ ಡ್ರ್ಯಾಗ್ ರೇಡಿಯಲ್ (ನೇರ ಓಟದ ರೇಸ್‌ಗೆಂದು ಮಾಡಿದ, ರಸ್ತೆಯಲ್ಲೂ ಓಡಿಸಬಹುದಾದ ಟೈರ್) ಹಾಕಿಸಿ ವರ್ಷದ ಮೇಲಾಯಿತು. ರಸ್ತೆಯಲ್ಲೂ ಓಡಿಸಿದ್ದೇನೆ, ಕಾಲು ಮೈಲಿ ನೇರ ಓಟದ ಟ್ರ್ಯಾಕ್ ಆದ ಡ್ರ್ಯಾಗ್ ಸ್ಟ್ರಿಪ್‌ನಲ್ಲೂ ಓಡಿಸಿದ್ದೇನೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಹಾಕಿಸಿದ ದಿನವೇ ಕಾರು ಚಿಮ್ಮುತ್ತದೆ ಅಂದುಕೊಳ್ಳಬೇಡಿ.

ಸುಮ್ನೆ ಒಂದು ಲೆಕ್ಕ ನೋಡಿ. ಎಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, 550 ನ್ಯೂಟನ್ ಮೀಟರ್ ಅಂತಿಟ್ಟುಕೊಳ್ಳಿ. ಮೊದಲ ಗೇರ್ ಮತ್ತು ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್‌ನ ಗೇರ್) ಸೇರಿ ಅದನ್ನು ಸುಮಾರು 13 ಪಟ್ಟು ಮಾಡುತ್ತವೆ. ದಾರಿಯಲ್ಲಿ ಸೋರಿ ಹೋಗುವುದನ್ನು ಕಳೆದರೂ ಟೈರ್ ಅಂಚಿಗೆ 18,000 ನ್ಯೂಟನ್ ಹತ್ತಿರ ಬಲ ಬರುತ್ತದೆ. 1,700 ಕೆಜಿಯ ಕಾರು ಜೋರಾಗಿ ಹೊರಟಾಗ ಸುಮಾರು 250 ಕೆಜಿ ಭಾರ ಮುಂದಿನಿಂದ ಹಿಂದಕ್ಕೆ ಬೀಳುತ್ತದೆ. ಅಷ್ಟಾದರೂ ಸಾಮಾನ್ಯ ಟೈರ್ ತಡೆಯುವುದು 10,000ದ ಆಸುಪಾಸು. ಉಳಿದದ್ದೆಲ್ಲ ಹೊಗೆ. ಅದರ ಮೇಲೆ ಇನ್ನೂ 50 ಎಚ್‌ಪಿ ಸೇರಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಅಲ್ವಾ?

ಈ ಟೈರ್‌ನ ರಬ್ಬರ್ ತುಂಬಾ ಮೆತ್ತಗೆ. ಸೈಡ್‌ವಾಲ್, ಅಂದರೆ ಟೈರ್‌ನ ಪಕ್ಕದ ಗೋಡೆ, ಕೂಡ ಬಾಗುತ್ತದೆ, ಕ್ಲಚ್ ಬಿಟ್ಟಾಗಿನ ಹೊಡೆತವನ್ನು ಅದೇ ನುಂಗಿಕೊಳ್ಳುತ್ತದೆ. 2018ರ ಡಾಡ್ಜ್ ಡೀಮನ್ ಕಾರಿಗೆ 840 ಎಚ್‌ಪಿವರೆಗೆ ಕೊಟ್ಟವರು ಶೋರೂಮಿಗೆ ಕಳಿಸುವಾಗಲೇ ಡ್ರ್ಯಾಗ್ ರೇಡಿಯಲ್ ಹಾಕಿದ್ದರು, ಅದೂ 18 ಇಂಚಿನ ರಿಮ್‌ಗೆ. ರಿಮ್ ಚಿಕ್ಕದಾದರೆ ಬಾಗಲು ಸೈಡ್‌ವಾಲ್ ಹೆಚ್ಚು ಸಿಗುತ್ತದೆ. ದೊಡ್ಡ ರಿಮ್ ನೋಡಲು ಚೆಂದ, ನಿಂತಲ್ಲಿಂದ ಹೊರಡುವ ಲಾಂಚ್‌ಗೆ ದಂಡ.

ಸ್ಟ್ರಿಪ್‌ನಲ್ಲಿ ಓಟದ ನಂತರ ಕೊಡುವ ನನ್ನ ಟೈಮ್ ಸ್ಲಿಪ್‌ನಲ್ಲಿ ಮೊದಲ 60 ಅಡಿಯ ಸಮಯ 2.2 ಸೆಕೆಂಡಿನಿಂದ 1.8ಕ್ಕೆ ಇಳಿಯಿತು. ಎಂಜಿನ್‌ಗೆ ಕೈ ಹಚ್ಚಿಲ್ಲ. ಅಲ್ಲಿ ಉಳಿಸಿದ ಸಮಯ ಕಾಲು ಮೈಲಿ ಮುಗಿಯುವಷ್ಟರಲ್ಲಿ ಇನ್ನಷ್ಟು ಬೆಳೆಯುತ್ತದೆ.

ಆದರೆ ಆ 1.8 ಬಂದಿದ್ದು ಟೈರ್‌ನ ಗಾಳಿ ಸರಿಹೋದ ಮೇಲೆ. ರಸ್ತೆಗೆ 30 ಪಿಎಸ್‌ಐ ಇಡುತ್ತೇನೆ. ಸ್ಟ್ರಿಪ್‌ಗೆ ಹೋದಾಗ 20ರ ಹತ್ತಿರಕ್ಕೆ ಇಳಿಸಿ, ಅಲ್ಲಿಂದ ಒಂದೊಂದೇ ಪಿಎಸ್‌ಐ ಆಚೀಚೆ ಮಾಡುತ್ತೇನೆ. ಗೇಜ್‌ಗಿಂತ ನೆಲ ಚೆನ್ನಾಗಿ ಹೇಳುತ್ತದೆ. ಹೊರಟ ಜಾಗಕ್ಕೆ ನಡೆದು ಹೋಗಿ ಕಪ್ಪು ಗೆರೆ ನೋಡಿ. ನಡುವೆ ದಟ್ಟವಾಗಿ, ಅಂಚಿನಲ್ಲಿ ತೆಳ್ಳಗಿದ್ದರೆ ಗಾಳಿ ಜಾಸ್ತಿ. ಎರಡು ಅಂಚು ಕಪ್ಪಾಗಿ ನಡುವೆ ಬೆಳ್ಳಗಿದ್ದರೆ ಕಡಿಮೆ. ಪೂರ್ತಿ ಅಗಲ ಒಂದೇ ಸಮ ಕಪ್ಪಾಗಿದ್ದರೆ ಇನ್ನು ಮುಟ್ಟಬೇಡಿ. ಟೈರ್ ಬಿಸಿಯಾದಂತೆ ಒತ್ತಡ ಏರುತ್ತದೆ, ಹಾಗಾಗಿ ಅಳೆಯುವುದಾದರೆ ಯಾವಾಗಲೂ ಬಿಸಿಯಲ್ಲೇ ಅಳೆಯಿರಿ, ಇಲ್ಲ ಯಾವಾಗಲೂ ತಣ್ಣಗಿದ್ದಾಗ. ಎರಡನ್ನೂ ಬೆರೆಸಿದರೆ ಲೆಕ್ಕವೇ ಸಿಗುವುದಿಲ್ಲ.

ಬರ್ನ್‌ಔಟ್, ಅಂದರೆ ಓಟಕ್ಕೆ ಮೊದಲು ಹಿಂದಿನ ಚಕ್ರ ನಿಂತಲ್ಲೇ ತಿರುಗಿಸಿ ಟೈರ್ ಬಿಸಿ ಮಾಡುವುದು, ಚಿಕ್ಕದಾಗಿ ಸಾಕು, ಹೊಗೆ ಏಳಲು ಶುರುವಾದರೆ ಮುಗಿಯಿತು. ನೀರು ಹಾಕಿರುವ ಜಾಗವನ್ನು ಸುತ್ತಿಕೊಂಡು ಹೋಗಿ, ಹಿಂದಿನ ಚಕ್ರ ಮಾತ್ರ ಒದ್ದೆ ನೆಲಕ್ಕೆ ಬರುವಂತೆ ನಿಲ್ಲಿಸಿ. ಮುಂದಿನ ಟೈರ್‌ನ ಗೆರೆಗಳಲ್ಲಿ ನೀರು ಕೂತರೆ ಅದನ್ನು ಸ್ಟಾರ್ಟ್ ಲೈನ್‌ಗೇ ಹೊತ್ತು ತರುತ್ತದೆ. ಆ ನೀರಿನ ಮೇಲೇ ಆಮೇಲೆ ನಿಮ್ಮ ಹಿಂದಿನ ಚಕ್ರ ಹತ್ತುತ್ತದೆ! ನಿಮ್ಮ ಹಿಂದೆ ಕಾಯುತ್ತಿರುವವರ ಬೈಗುಳ ಬೇರೆ.

ಕ್ಲಚ್ ಬಿಡುವಾಗ ಧೈರ್ಯ ಬೇಕು, ಒರಟುತನ ಬೇಡ. ಟೈರ್ ಸ್ವಲ್ಪ, 10-15 ಶೇಕಡಾದಷ್ಟು, ಜಾರಿದಾಗಲೇ ಹಿಡಿತ ಹೆಚ್ಚು. ಅದನ್ನು ಮೀರಿ ಸುತ್ತತೊಡಗಿದರೆ ರೇಡಿಯಲ್ ಮತ್ತೆ ಹಿಡಿಯುವುದು ಕಷ್ಟ. ಹಳೆಯ ಕಾಲದ ಬಯಾಸ್ ಪ್ಲೈ ಸ್ಲಿಕ್ (ಒಳಗಿನ ಎಳೆಗಳು ಓರೆಯಾಗಿರುವ, ಗೆರೆಯಿಲ್ಲದ ರೇಸ್ ಟೈರ್) ಕ್ಷಮಿಸುತ್ತದೆ, ಇದು ಕ್ಷಮಿಸುವುದಿಲ್ಲ. ಕಾಲು ಎತ್ತಿ, ಆ ಓಟ ಬಿಟ್ಟುಬಿಡಿ. ರಸ್ತೆಯ ಮೋಡ್‌ನಲ್ಲಿರುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಅದು ಹಿಡಿತ ಹುಟ್ಟಿಸುವುದಿಲ್ಲ, ಇರುವ ಪವರನ್ನೇ ಕತ್ತರಿಸುತ್ತದೆ.

ಟೈರ್ ಹಿಡಿದ ಮೇಲೆ ಇನ್ನೊಂದು ತಲೆನೋವು ಹೊರಬಿತ್ತು: ವೀಲ್ ಹಾಪ್. ಹಿಂದಿನ ಚಕ್ರ ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಸೀಟಿನ ಕೆಳಗೆ ಸುತ್ತಿಗೆಯಲ್ಲಿ ಬಡಿದಂತೆ ಸದ್ದು. ಇದನ್ನು ತಮಾಷೆ ಅಂದುಕೊಳ್ಳಬೇಡಿ, ಆಕ್ಸಲ್ ಮುರಿಯುವುದು ಹೀಗೇ. ಹಿಂದಿನ ಸಬ್‌ಫ್ರೇಮ್‌ನ (ಸಸ್ಪೆನ್ಷನ್ ಕೂರುವ ಚೌಕಟ್ಟು) ರಬ್ಬರ್ ಬುಶ್ ತೆಗೆಸಿ ಗಟ್ಟಿ ಪಾಲಿಯುರೇಥೇನ್ ಬುಶ್ ಹಾಕಿಸಿದೆ. ಹಾಪ್ ನಿಂತಿತು, ಬದಲಿಗೆ ಡಿಫರೆನ್ಷಿಯಲ್‌ನ ಗುಂಯ್ ಅನ್ನುವ ಸದ್ದು ಒಳಗೆ ಬಂದು ಕೂತಿತು. ನನಗೆ ಪರವಾಗಿಲ್ಲ, ಮನೆಯವರಿಗೆ ಇಷ್ಟವಿಲ್ಲ.

ಮಳೆ ಬಂದರೆ ಈ ಟೈರ್‌ನಲ್ಲಿ ನಾನು ಕಾರು ತೆಗೆಯುವುದೇ ಇಲ್ಲ. ಗೆರೆಗಳು ಕಡಿಮೆ, ನೀರು ಆಚೆ ಹೋಗುವುದಿಲ್ಲ. ಮುಂದೆ ಒಳ್ಳೆಯ ರೋಡ್ ಟೈರ್ ಇರುವುದರಿಂದ ಹಿಂಭಾಗವೇ ಮೊದಲು ಜಾರುತ್ತದೆ. ಚಳಿಯಲ್ಲೂ ರಬ್ಬರ್ ಬಿಗಿಯುತ್ತದೆ. ಹೈವೇಯಲ್ಲಿ ಲೇನ್ ಬದಲಿಸಿದರೆ ಹಿಂಭಾಗ ಅರೆ ಗಳಿಗೆ ತಡವಾಗಿ ಬರುತ್ತದೆ. ಒಮ್ಮೆ ಅಭ್ಯಾಸವಾದರೆ ಗೊತ್ತಾಗುವುದಿಲ್ಲ.

ಬಾಳಿಕೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಗೆರೆ ಸವೆಯುವ ಮೊದಲೇ ಅಂಟು ಹೋಗುತ್ತದೆ. ಬಿಸಿಯಾಗಿ ತಣ್ಣಗಾಗಿ ಮಾಡುತ್ತಾ ರಬ್ಬರ್ ಗಟ್ಟಿಯಾಗುತ್ತದೆ. ಈಗ ನನ್ನ 60 ಅಡಿ ಸಮಯ ನಿಧಾನಕ್ಕೆ 1.9ರ ಕಡೆ ಜಾರುತ್ತಿದೆ. ಮುಂದಿನ ಸಲ ಕೊಳ್ಳುವ ಡ್ರ್ಯಾಗ್ ರೇಡಿಯಲ್ ಜೊತೆಯನ್ನು ಬೇರೆ 18 ಇಂಚಿನ ರಿಮ್‌ಗೇ ಹಾಕಿಸುತ್ತೇನೆ. ಸ್ಟ್ರಿಪ್‌ಗೆ ಹೋಗುವ ದಿನ ಮಾತ್ರ ಕಾರಿಗೆ ಜೋಡಿಸುವುದು, ಉಳಿದ ದಿನ ರೋಡ್ ಟೈರ್.